ಮಾಲಕಾರನ ಪಾಲು, ಬಚ್ಚಲ ನೀರು



ಶಾಲೆಯ ಪ್ರವಾಸದಲ್ಲಿ ಬಾದಾಮಿಗೆ ಹೋಗದವರು ನಿಮ್ಮಲ್ಲಿ ಕಡಿಮೆ. ಮೆಟ್ಟಿಲು ಹತ್ತಿ ಮೂರನೆಯ ಗುಹೆಗೆ ಬಂದಾಗ ನಿಮ್ಮ ಗುರುಗಳು ಏನನ್ನು ತೋರಿಸಿರುತ್ತಾರೆಂದು ನಾನು ಊಹಿಸಬಲ್ಲೆ. ಸುರುಳಿ ಸುತ್ತಿದ ಅನಂತನ ಮೇಲೆ ಕುಳಿತ ವಿಷ್ಣು, ಕಾಲೆತ್ತಿ ನಿಂತ ತ್ರಿವಿಕ್ರಮ, ವರಾಹ, ನರಸಿಂಹ. ದೂರದರ್ಶನದ ಕ್ಯಾಮರಾ ಕೂಡ ಮೊದಲು ಹೋಗುವುದು ಅವುಗಳತ್ತಲೇ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಗುಹೆಗೆ ಸಂಬಂಧಿಸಿದ ಒಂದು ಪುಟ್ಟ ಕನ್ನಡ ಶಾಸನವಿದೆ. ಕೆಲವೇ ಸಾಲುಗಳದು, ಪರದೆಯ ಮೇಲೆ ಅದಕ್ಕೆ ಯಾವ ಆಕರ್ಷಣೆಯೂ ಇಲ್ಲ. ಈ ಲೇಖನ ಹೊರಡುವುದು ಅಲ್ಲಿಂದ.

ಗುಹೆಯನ್ನು ಕಡೆಸಿದವನು ಮಂಗಲೇಶ. ಆಗ ಸಿಂಹಾಸನದಲ್ಲಿದ್ದವನು ಅವನ ಅಣ್ಣ ಒಂದನೆಯ ಕೀರ್ತಿವರ್ಮ. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆಯಾಯಿತೆಂದು ಅಲ್ಲಿನ ಸಂಸ್ಕೃತ ಶಾಸನ ತಿಳಿಸುತ್ತದೆ. ಗುಹೆಯ ಸೊಬಗನ್ನೂ ಅಣ್ಣನ ಮೇಲಿನ ಭಕ್ತಿಯನ್ನೂ ಅದು ಬಹಳ ಗಂಭೀರವಾಗಿ ಹೇಳುತ್ತದೆ. ಕನ್ನಡ ಶಾಸನಕ್ಕೆ ಅಂತಹ ಠೀವಿಯಿಲ್ಲ, ಅದು ನೇರವಾಗಿ ವಿಷಯಕ್ಕೆ ಬರುತ್ತದೆ. ಮಂಗಲೇಶನ 'ಕಲ್ಮನೆ'ಗೆ ಲಂಜಿಗೇಸರ ಎಂಬ ಊರನ್ನು ಕೊಡಲಾಗಿದೆ. ದೇವರಿಗೆ ಹೂ ಕಟ್ಟುವ ಮಾಲಕಾರರಿಗೆ ಅರ್ಧ ವೀಸ ಸಲ್ಲಬೇಕು. ಇದನ್ನು ಕೆಡಿಸಿದವನು ಪಂಚಮಹಾಪಾತಕಿ, ಅವನು ಏಳನೆಯ ನರಕದಲ್ಲಿ ಹುಳುವಾಗುತ್ತಾನೆ. ಇಷ್ಟೇ ಅದರ ಒಕ್ಕಣೆ.

'ಕಲ್ಮನೆ' ಎಂಬ ಮಾತಿನ ಚೆಲುವನ್ನು ಗಮನಿಸಿ. ನಾವು ಗುಹಾಂತರ ದೇವಾಲಯ ಎಂದು ಬಾಯಿ ತುಂಬ ಹೇಳುವುದನ್ನು ಆ ಕಾಲದ ಕನ್ನಡಿಗ ಕಲ್ಲಿನ ಮನೆ ಎಂದು ಕರೆದ. ಇನ್ನು ವೀಸದ ಸಂಗತಿ. ನಿಮ್ಮ ಮುತ್ತಜ್ಜಂದಿರ ಕಾಲದ ಲೆಕ್ಕದಲ್ಲಿ ಹಾಗ, ಬೇಳೆ, ವೀಸ ಎಂಬ ಭಾಗಗಳಿದ್ದವು. ವೀಸ ಎಂದರೆ ಹದಿನಾರನೆಯ ಒಂದು ಭಾಗ. ಅದರಲ್ಲಿ ಅರ್ಧ. ಪಾಲು ಚಿಕ್ಕದು, ಶಾಪ ಮಾತ್ರ ದೊಡ್ಡದು! ಎಲೆ ತಿನ್ನುವ ಹುಳುವಿನೊಡನೆ ದಿನಬೆಳಗಾದರೆ ಗುದ್ದಾಡುವ ತೋಟಿಗನಿಗೆ, ತನ್ನ ಪಾಲು ಕದ್ದವನೂ ಹುಳುವೇ ಆಗುತ್ತಾನೆಂದು ಕೇಳಿ ಸ್ವಲ್ಪ ಸಮಾಧಾನವಾಗಿದ್ದಿರಬೇಕು.

ಸಂಸ್ಕೃತದಲ್ಲಿ ಅರಸನ ಮಾತು, ಕನ್ನಡದಲ್ಲಿ ಹೂವಾಡಿಗನ ಹಕ್ಕು. ಯಾಕೆ ಹೀಗೆ? ನನ್ನ ಊಹೆ ಇದು. ಪಾಲನ್ನು ಕೊಡಬೇಕಾದ ಊರಿನವನಿಗೂ ಪಡೆಯಬೇಕಾದ ಮಾಲಕಾರನಿಗೂ ಓದಿ ಹೇಳಿದರೆ ತಿಳಿಯುವ ಭಾಷೆ ಬೇಕಿತ್ತು. ಕನ್ನಡದ ತೀರ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವ ಒಂದು ಬರಹ ಹೂ ಬೆಳೆದು ಕಟ್ಟುವವನ ಕೂಲಿಯ ಕುರಿತಾಗಿದೆ ಎಂಬುದನ್ನು ನಾವು ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಲಂಜಿಗೇಸರವನ್ನು ವಿದ್ವಾಂಸರು ಬಾದಾಮಿಯ ಹತ್ತಿರದ ನಂದಿಕೇಶ್ವರ ಗ್ರಾಮವೆಂದು ಗುರುತಿಸಿದ್ದಾರೆ. ಮಹಾಕೂಟಕ್ಕೆ ಹೋಗಿದ್ದರೆ ನೀವು ಆ ಊರನ್ನು ನೋಡಿರುತ್ತೀರಿ. ಮಹಾಕೂಟದ ಪುಷ್ಕರಿಣಿಯಲ್ಲಿ ಈಜಿದ ಹುಡುಗರಿಗಂತೂ ಹೇಳಬೇಕಾಗಿಲ್ಲ. ಬಂಡೆಯಿಂದ ಒಸರುವ ಊಟೆಯ ನೀರು ಅದು, ಕಡುಬೇಸಿಗೆಯಲ್ಲೂ ತಣ್ಣಗಿರುತ್ತದೆ. ಕ್ರಿ.ಶ. 602ರಲ್ಲಿ ಇದೇ ಮಂಗಲೇಶ ಅಲ್ಲಿ ಒಂದು ಕಂಬ ನಿಲ್ಲಿಸಿ ಮಕುಟೇಶ್ವರನಿಗೆ ಹತ್ತು ಊರುಗಳ ದತ್ತಿ ಬಿಟ್ಟ. ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಬೆಟ್ಟದ ಮಡಿಲು, ಊಟೆ, ಗುಡಿ, ಗುಡಿಗೆ ಬಿಟ್ಟ ಹೊಲ ತೋಟ: ಚಾಲುಕ್ಯರ ಈ ನಾಡಿನಲ್ಲಿ ಇವು ಒಟ್ಟಿಗೇ ಇರುತ್ತವೆ. ಅದಕ್ಕೆ ಕಾರಣ ಮಳೆ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ 600 ಮಿಲಿಮೀಟರಿಗೂ ಕಡಿಮೆ. ಮಲೆನಾಡಿನಲ್ಲಿ ತೋಟ ಮಾಡದೆ ಬಿಟ್ಟರೂ ಹಸಿರು ತಾನಾಗಿ ಬರುತ್ತದೆ. ಇಲ್ಲಿ ಹಾಗಲ್ಲ. ಯಾರೋ ನೀರು ಕೊಡಬೇಕು, ಯಾರೋ ದುಡಿಯಬೇಕು, ದುಡಿದವನಿಗೆ ಇಂತಿಷ್ಟು ಎಂದು ಗೊತ್ತಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎರಡು ಬೇಸಿಗೆಯಲ್ಲಿ ತೋಟ ಬಯಲಾಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ತೋಟಗಳ ಉಲ್ಲೇಖ ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೆ ಸಿಗುತ್ತದೆ. ದೇವರ ನಂದಾದೀವಿಗೆಗೆ ಗಾಣ, ನೈವೇದ್ಯಕ್ಕೆ ಗದ್ದೆ, ಪೂಜೆಗೆ 'ಪೂದೋಂಟ'. ಹೊಲಗಳನ್ನು ಮತ್ತರು ಎಂಬ ಅಳತೆಯಲ್ಲಿ ಹೇಳಿದರೆ, ತೋಟಗಳನ್ನು ಎಷ್ಟೋ ಕಡೆ ಕಮ್ಮ ಎಂಬ ಸಣ್ಣ ಅಳತೆಯಲ್ಲಿ ಹೇಳುತ್ತಾರೆ. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾದ್ದರಿಂದ ಇಂದಿನ ಗುಂಟೆಗಳಲ್ಲಿ ಕರಾರುವಾಕ್ಕಾಗಿ ಹೇಳಲು ಹೋಗಬಾರದು. ಆದರೆ ಒಂದು ವಿಷಯ ಸ್ಪಷ್ಟ. ತೋಟವೆಂದರೆ ಆಗ ಎಕರೆಗಟ್ಟಲೆ ಉದ್ಯಾನವಲ್ಲ, ಒಂದು ಸಂಸಾರ ನೀರು ಹೊತ್ತು ಸಾಕಬಹುದಾದಷ್ಟು ನೆಲ.

ತೋಟದ ಕೆಲಸವನ್ನು ಬರೆದಿಟ್ಟವರೂ ಇದ್ದರು. ಕ್ರಿ.ಶ. 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಎಂಬ ಕನ್ನಡ ಗ್ರಂಥವನ್ನು ರಚಿಸಿದ. ಅಂತರ್ಜಲವನ್ನು ಗುರುತಿಸುವ ಬಗೆ, ಅಡುಗೆ, ವೈದ್ಯ ಮುಂತಾದ ವಿಷಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಬೀಜಕ್ಕೆ ಸಂಸ್ಕಾರ, ಗಿಡಕ್ಕೆ ಗೊಬ್ಬರ, ರೋಗಕ್ಕೆ ಮದ್ದು ಎಲ್ಲವೂ ಅಲ್ಲಿವೆ. ಕೆಲವು ಸಲಹೆಗಳು ಇಂದು ನಗು ತರಿಸಬಹುದು. ಆದರೂ ಸಾವಿರ ವರ್ಷಗಳ ಹಿಂದೆ, ಸಂಸ್ಕೃತದಲ್ಲಿದ್ದ ಗಿಡಗಳ ವಿದ್ಯೆಯನ್ನು ಕನ್ನಡದಲ್ಲಿ ಹೇಳಬೇಕೆಂದು ಒಬ್ಬನಿಗೆ ತೋರಿತಲ್ಲ, ಅದು ಸಣ್ಣ ಸಂಗತಿಯಲ್ಲ.

ಆ ಮಾಲಕಾರರು ಯಾವ ಹೂ ಕಟ್ಟುತ್ತಿದ್ದರು? ಶಾಸನ ಹೇಳುವುದಿಲ್ಲ. ಯಾವುದನ್ನು ಕಟ್ಟುತ್ತಿರಲಿಲ್ಲ ಎಂಬುದನ್ನಾದರೂ ನಾವು ಖಚಿತವಾಗಿ ಹೇಳಬಹುದು. ಇಂದು ಹಬ್ಬ ಬಂದರೆ ಸಂತೆಯಲ್ಲಿ ರಾಶಿ ಬೀಳುವ ಚೆಂಡು ಹೂವು ಅವರಿಗೆ ಗೊತ್ತಿರಲಿಲ್ಲ. ಅದರ ತವರು ಮೆಕ್ಸಿಕೋ. ಮದುವೆಮನೆಯ ಸುಗಂಧರಾಜದ ತವರೂ ಅದೇ. ಮಲ್ಲಿಗೆ, ಸಂಪಿಗೆ, ಕಣಗಿಲ, ತಾವರೆ, ದವನ, ತುಳಸಿ ಇದ್ದಿರಬಹುದು. ಹಿತ್ತಲಿನ ಮಾತೂ ಹೀಗೆಯೇ. ಪುಲಿಕೇಶಿಯ ಅಡುಗೆಮನೆಗೆ ಬದನೆ, ಹೀರೆ, ಅವರೆ, ನುಗ್ಗೆ ಬಂದಿರಬಹುದು. ಆದರೆ ಮೆಣಸಿನಕಾಯಿಯಿಲ್ಲ, ಟೊಮ್ಯಾಟೊ ಇಲ್ಲ, ಬಟಾಟೆ ಇಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಹದಿನಾರನೆಯ ಶತಮಾನದಲ್ಲಿ. ನೀವು ಕಚ್ಚಿ ತಿನ್ನುವ ಪೇರಲವೂ ಹಾಗೆ ಬಂದದ್ದೇ, ಅದರ ಹೆಸರಿನಲ್ಲಿ ಪೋರ್ಚುಗೀಸ್ ಮಾತಿನ ಗುರುತು ಇನ್ನೂ ಉಳಿದಿದೆ. ರೊಟ್ಟಿ, ಕೆಂಪು ಚಟ್ನಿ ನಮ್ಮ ನಾಡಿನ ಅನಾದಿ ಊಟವೆಂದು ಭಾಷಣ ಮಾಡುವವರು ಇದನ್ನೊಮ್ಮೆ ನೆನೆಯಬೇಕು.

ಹೆಸರುಗಳಲ್ಲಿ ಇತಿಹಾಸ ಅಡಗಿರುತ್ತದೆ. ನಿಮ್ಮ ಮನೆಯ ಹೊಲದ ಉತಾರವನ್ನು ತೆಗೆದು ನೋಡಿ. ಜಿರಾಯತ, ಬಾಗಾಯತ ಎಂಬ ಮಾತುಗಳಿರುತ್ತವೆ. ಬಾಗಾಯತದಲ್ಲಿರುವ 'ಬಾಗ್' ಪಾರಸಿ ಭಾಷೆಯ ತೋಟ. ವಿಜಯಪುರದ ಆದಿಲಶಾಹಿಗಳು ಆಳಿದ ನಾಡಿದು. ಬಾಗಲಕೋಟೆ, ಇಳಕಲ್ಲಿನ ಪೇಟೆಗಳಲ್ಲಿ ಕಾಯಿಪಲ್ಯ, ಹಣ್ಣು ಮಾರುವ ಬಾಗವಾನರ ಹೆಸರೂ ಅದೇ ತೋಟದಿಂದ ಬಂದದ್ದು. ಮಾಳಿ ಎಂಬ ಹೆಸರಿನಲ್ಲಿ ಬಾದಾಮಿಯ ಮಾಲಕಾರನ ಮಾಲೆಯೇ ಇದೆ. ಹೂಗಾರ ಅಚ್ಚಕನ್ನಡ. ಒಂದೇ ಸಂತೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತ ಮೂವರ ಅಡ್ಡಹೆಸರಿನಲ್ಲಿ ಸಂಸ್ಕೃತ, ಪಾರಸಿ, ಕನ್ನಡ ಮೂರೂ ಬಂದು ಕೂತಿವೆ.

ಈಗ ಹುನಗುಂದದ ಕಡೆಗೆ ಹೋಗೋಣ. ಹುನಗುಂದದ ಎರಿಭೂಮಿ ಜೋಳ, ಕಡಲೆಗೆ ಹೇಳಿ ಮಾಡಿಸಿದ್ದು. ಬಾವಿಯಿಲ್ಲದ ಕಡೆ ಅಲ್ಲಿ ತೋಟದ ಮಾತಿಲ್ಲ. ಆದರೆ ಅದೇ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುತ್ತವೆ, ಬಸವಣ್ಣನವರು ಬಾಲ್ಯದಲ್ಲಿ ಸಂಗಮನಾಥನ ಸೇವೆಗೆ ನಿಂತ ಸ್ಥಳ ಅದು. ಅವರ ಚರಿತ್ರೆಯನ್ನು ರಗಳೆಯಲ್ಲಿ ಬರೆದ ಹರಿಹರ ಬಸವನ ಹೂವಿನ ಪೂಜೆಯನ್ನು ಮನದಣಿಯೆ ವರ್ಣಿಸುತ್ತಾನೆ. ಹೂ ಕೊಯ್ಯುವುದನ್ನೇ ವಸ್ತುವಾಗಿಟ್ಟುಕೊಂಡು 'ಪುಷ್ಪರಗಳೆ' ಎಂಬ ಬೇರೆ ಕೃತಿಯನ್ನೂ ಆತ ಬರೆದ. ಶರಣರ ನಡುವೆ ಹೂಗಾರ ಮಾದಯ್ಯನಿದ್ದ. ಇದೆಲ್ಲ ನಿಮಗೆ ಸಾಹಿತ್ಯದ ತರಗತಿಯಲ್ಲಿ ತಿಳಿಯುತ್ತದೆ. ತಿಳಿಯದೆ ಹೋಗುವುದು ನಿಮ್ಮ ಓಣಿಯ ಹೂಗಾರರ ಸಂಗತಿ. ಬೆಳಗಿನ ಜಾವ ಬುಟ್ಟಿ ಹಿಡಿದು ಮನೆಮನೆಗೆ ಹೂ, ಪತ್ರಿ ಕೊಟ್ಟು ಹೋಗುವ ಇವರಿಗೆ ಹಲವು ಊರುಗಳಲ್ಲಿ ದಿನದ ಹಣವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಇಂತಿಷ್ಟು ಕಾಳು ಅಳೆದು ಕೊಡುತ್ತಿದ್ದರು. ಮಂಗಲೇಶನ ಅರ್ಧ ವೀಸಕ್ಕೂ ಈ ಕಾಳಿಗೂ ನಡುವೆ ಸಾವಿರದ ನಾನೂರು ವರ್ಷ. ಏರ್ಪಾಡು ಮಾತ್ರ ಒಂದೇ ಜಾತಿಯದು. ಕಣಗಳು ಹೋಗಿ ಯಂತ್ರಗಳು ಬಂದ ಮೇಲೆ ಅಳೆದು ಕೊಡುವ ಆ ಕಾಳೂ ನಿಂತಿತು. ಜೊತೆಗೆ ಪತ್ರಿಯ ಮರ, ಕಣಗಿಲದ ಬೇಲಿಯನ್ನು ಕಾಯುವವರೂ ಕಡಿಮೆಯಾದರು.

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಬನಶಂಕರಿಯನ್ನು ಇಲ್ಲಿ ಮರೆಯುವಂತಿಲ್ಲ. ತೋಟದ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ದೊಡ್ಡ ಕ್ಷೇತ್ರ ಈ ಜಿಲ್ಲೆಯಲ್ಲಿಲ್ಲ. ದೇವಿಯ ಇನ್ನೊಂದು ಹೆಸರು ಶಾಕಂಭರಿ. ಶಾಕ ಎಂದರೆ ಕಾಯಿಪಲ್ಯ. ನೂರು ವರ್ಷ ಮಳೆಯಿಲ್ಲದೆ ಲೋಕ ಬಳಲುವಾಗ ತನ್ನ ಮೈಯಿಂದಲೇ ಹುಟ್ಟಿದ ಶಾಕಗಳಿಂದ ಜಗತ್ತನ್ನು ಸಾಕುವೆನೆಂದು ದೇವಿ ನುಡಿಯುವ ಪ್ರಸಂಗ ದೇವೀಮಾಹಾತ್ಮ್ಯದಲ್ಲಿದೆ. ಪುಷ್ಯ ಶುದ್ಧ ಚತುರ್ದಶಿಯಂದು ಬನಶಂಕರಿಯಲ್ಲಿ ಪಲ್ಯದ ಹಬ್ಬ. ದೇವಿಗೆ ನೂರೆಂಟು ಬಗೆಯ ಪಲ್ಯಗಳ ನೈವೇದ್ಯ. ಮರುದಿನ ಬನದ ಹುಣ್ಣಿಮೆ, ತೇರು, ಆಮೇಲೆ ವಾರಗಟ್ಟಲೆ ನಡೆಯುವ ಜಾತ್ರೆ, ನಾಟಕ ಕಂಪನಿಗಳು.

ಯೋಚಿಸಿ ನೋಡಿ. ಬರಗಾಲದ ಕಥೆಯುಳ್ಳ ದೇವಿ ಬೇರೆಲ್ಲೂ ಅಲ್ಲದೆ ಇಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟದ್ದು ಸುಮ್ಮನೆಯೇ? ಈ ನೆಲ ಬರವನ್ನು ಮೇಲಿಂದ ಮೇಲೆ ಕಂಡದ್ದು. 1791-92ರ ಬರಕ್ಕೆ ಜನ ಡೋಗಿಬರ ಎಂದರು, ಅಂದರೆ ತಲೆಬುರುಡೆಗಳ ಬರ. 1876-78ರ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಗಳ ಭಾಗ, ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಇಂಥ ಕಡೆ ನೂರೆಂಟು ಪಲ್ಯ ಎಣಿಸಿ ಇಡಬೇಕೆಂದರೆ ಮಡಿಯಲ್ಲಿ ಬೆಳೆದದ್ದಷ್ಟೇ ಸಾಲದು. ಬದುವಿನ ಮೇಲೆ ತಾನಾಗಿ ಬೆಳೆದ ಹಕ್ಕರಕಿ, ಗೋಳಿ, ಕಿರಕಸಾಲಿಗಳ ಗುರುತೂ ಇರಬೇಕು. ಹಬ್ಬದ ನೆಪದಲ್ಲಿ ಹೆಣ್ಣುಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಸೊಪ್ಪಿನ ಹೆಸರುಗಳನ್ನು ಒಪ್ಪಿಸಿಕೊಂಡು ಬಂದರು ಎಂದೇ ನನಗೆ ತೋರುತ್ತದೆ. ಕಾಲವೂ ಸರಿಯಾಗಿದೆ. ಪುಷ್ಯಮಾಸದಲ್ಲಿ ನೆಲದಲ್ಲಿ ಇನ್ನೂ ಹಸಿ ಇರುತ್ತದೆ, ಹಿತ್ತಲು ತುಂಬಿರುತ್ತದೆ. ಎರಡು ತಿಂಗಳು ಕಳೆದರೆ ಹಾಗೆ ಎಣಿಸಲು ಆಗುವುದಿಲ್ಲ.

ಬನಶಂಕರಿಯ ಸುತ್ತ ಇಂದಿಗೂ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳಿವೆ. ಎಲೆದೋಟದೊಳಗೆ ಒಮ್ಮೆ ಕಾಲಿಟ್ಟು ನೋಡಿ. ಹೊರಗೆ ಬಿಸಿಲು ಸುಡುವಾಗ ಒಳಗೆ ತಂಪು. ಚೊಗಚಿ, ನುಗ್ಗಿಯ ಗಿಡಗಳನ್ನು ಮೊದಲು ಎಬ್ಬಿಸಿ ಅವುಗಳಿಗೆ ಬಳ್ಳಿ ಹಬ್ಬಿಸುತ್ತಾರೆ. ಆಸರೆಯೂ ಅವೇ, ನೆರಳೂ ಅವೇ. ಕಾಲುವೆಯ ಬದಿಗೆ ಕಪ್ಪೆ, ಒಣಗಿದ ಎಲೆಯ ಕೆಳಗೆ ಹುಳ ಹೆಕ್ಕುವ ಹಕ್ಕಿ, ಕಪ್ಪೆಯ ಹಿಂದೆ ಹಾವು, ಹಾವಿನ ಹಿಂದೆ ಮುಂಗುಸಿ. ನೀರು ಬಂದಲ್ಲಿ ಈ ಸಂಸಾರವೆಲ್ಲ ತಾನಾಗಿ ಬಂದು ಸೇರುತ್ತದೆ.

ನಮ್ಮ ಕಡೆಯ ಹುಣ್ಣಿಮೆಗಳ ಹೆಸರುಗಳೇ ತೋಟದ ಪಂಚಾಂಗ. ಪುಷ್ಯದ್ದು ಬನದ ಹುಣ್ಣಿಮೆ. ಫಾಲ್ಗುಣದ್ದು ಹೋಳಿ ಹುಣ್ಣಿಮೆ. ಬಾಗಲಕೋಟೆಯಲ್ಲಿ ಹಲಗೆಯ ಸದ್ದು, ಬಂಡಿಗಳ ಮೇಲೆ ಬಣ್ಣದ ಬ್ಯಾರೆಲ್ಲುಗಳು ಸಾಲು ಹೊರಡುವ ದಿನಗಳು. ಚೈತ್ರದ್ದು ದವನದ ಹುಣ್ಣಿಮೆ, ಒಂದು ಪರಿಮಳದ ಗಿಡದ ಹೆಸರಿನದು. ವೈಶಾಖದ್ದು ಅಗಿ ಹುಣ್ಣಿಮೆ. ಅಗಿ ಎಂದರೆ ಮಡಿಯಿಂದ ಕಿತ್ತು ನಾಟಿ ಮಾಡುವ ಸಸಿ. ವಸಂತವನ್ನು ನೀವು ಕಾವ್ಯದಲ್ಲಿ ಓದುವಾಗ ಮಾಮರ, ಕೋಗಿಲೆ, ತಂಗಾಳಿ ಬರುತ್ತವೆ. ಮೂರನೆಯ ಗುಹೆಯ ಕಂಬಗಳ ಮೇಲ್ಭಾಗದ ಚಾಚುಗಳಲ್ಲಿ ಗೊಂಚಲು ಬಿಟ್ಟ ಮರದಡಿ ನಿಂತ ದಂಪತಿಗಳದ್ದೂ ಆ ವಸಂತವೇ. ಬಾಗಲಕೋಟೆಯ ನಿಜವಾದ ವಸಂತ ಸ್ವಲ್ಪ ಬೇರೆ. ಶಿವರಾತ್ರಿ ಮುಗಿಯುತ್ತಿದ್ದಂತೆ ಬಾವಿಯ ನೀರು ಇಳಿಯುತ್ತದೆ, ಮೆಂತ್ಯದ ಮಡಿ ಒಣಗುತ್ತದೆ. ಉಳಿಯುವುದು ನುಗ್ಗಿ, ಕರಿಬೇವು, ನಿಂಬೆ, ಬೇವು. ಯುಗಾದಿಗೆ ಬೇವಿನ ಮರ ಹೂ ಬಿಟ್ಟು ಅಂಗಳವೆಲ್ಲ ಅದರ ಪರಿಮಳ. ಆ ಹೂವು, ಬೆಲ್ಲ, ಪುಟಾಣಿ ಬೆರೆಸಿ ಕುಡಿಯುವ ಪಾನಕಕ್ಕೂ ನಮ್ಮಲ್ಲಿ ಬೇವು ಎಂದೇ ಹೆಸರು. ಹೂವಿಗೆ ಜೇನು ಮುತ್ತುತ್ತವೆ. ಸೂರಕ್ಕಿ ಜೇಡರ ಬಲೆ, ನಾರು, ಕಸಕಡ್ಡಿ ಸೇರಿಸಿ ಸಣ್ಣ ಚೀಲದಂಥ ಗೂಡನ್ನು ಟೊಂಗೆಯ ತುದಿಗೆ ತೂಗುಬಿಡುತ್ತದೆ. ಸಿಂಪಿಗ ಹಕ್ಕಿ ಎಲೆಗಳ ಅಂಚು ಕೂಡಿಸಿ ಹೊಲಿಯುತ್ತದೆ. ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಮರಿಹುಳು ಇರುತ್ತದೆ. ಹೊಸಕಬೇಡಿ, ಮುಂದೆ ಅದು ಕಪ್ಪು ಹಳದಿ ರೆಕ್ಕೆಯ ಚಿಟ್ಟೆ. ಬಾದಾಮಿಯವರಿಗೆ ಮಾತ್ರ ಇನ್ನೊಬ್ಬ ಅತಿಥಿಯ ಕಾಟ ವರ್ಷವಿಡೀ ಇದ್ದದ್ದೇ: ಗುಡ್ಡದ ಮಂಗಗಳು ಮಂಗಲೇಶನ ಶಾಪಕ್ಕೂ ಹೆದರಿರಲಿಕ್ಕಿಲ್ಲ.

ಇಷ್ಟೆಲ್ಲಕ್ಕೆ ನೀರೆಲ್ಲಿಂದ? ಗುಡಿಯ ತೋಟಕ್ಕೆ ಹೊಂಡವಿತ್ತು, ಎಲೆದೋಟಕ್ಕೆ ಕಪಿಲೆ ಬಾವಿ ಇತ್ತು. ಮನೆಯ ಹಿತ್ತಲಿಗೆ ಇದ್ದದ್ದು ಬಚ್ಚಲ ನೀರು. ಈ ಮಾತನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಈ ಒಣನಾಡಿನ ಅತ್ಯಂತ ವ್ಯಾಪಕವಾದ ನೀರಾವರಿ ಯೋಜನೆ ಇದೇ ಆಗಿತ್ತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮಿಂದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಗೋಡೆಯ ಕಿಂಡಿಯಿಂದ ಹೊರಬಿದ್ದು ಮೊದಲು ಬಾಳೆಗೆ, ಆಮೇಲೆ ತೊಂಡೆಯ ಬಳ್ಳಿಗೆ, ಉಳಿದದ್ದು ಕರಿಬೇವಿಗೆ. ಇಂಜಿನಿಯರು ಮನೆಯ ಅಜ್ಜಿ. ಅವಳ ಪಾಲಿಗೆ ಅರ್ಧ ವೀಸವನ್ನೂ ಯಾರೂ ಬರೆಯಲಿಲ್ಲ.

ಅವಳ ಹಿತ್ತಲಿಗೆ ದಾಖಲೆಯಿಲ್ಲವೆಂದಲ್ಲ. ಇಳಕಲ್ಲಿಗೆ ಹೋದರೆ ಅದು ಸೀರೆಯ ಮೇಲಿದೆ. ಇಳಕಲ್ಲ ಸೀರೆಯ ಸೆರಗಿನ ಒಂದು ವಿನ್ಯಾಸಕ್ಕೆ ತೋಪುತೆನೆ ಎಂದು ಹೆಸರು, ಜೋಳದ ತೆನೆಯ ಸಾಲು ಅದು. ಅದರ ಕೆಂಪು ದಾಳಿಂಬೆಯದು. ಆ ಸೀರೆಯ ಮೇಲೆ ಹೆಣ್ಣುಮಕ್ಕಳು ಹಾಕುವ ಕಸೂತಿಯಲ್ಲಿ ತುಳಸಿ ವೃಂದಾವನ, ಗಿಳಿ, ನವಿಲು, ಕಮಲ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಒಂದರ ಹೆಸರೇ ಮೆಂತಿ. ಗುಹೆಯ ಗೋಡೆಯ ಮೇಲೆ ಬರೆಸಲು ಅರಸನಿಗೆ ಕಲ್ಲುಕುಟಿಗರಿದ್ದರು. ಇವರು ಸೂಜಿದಾರದಲ್ಲಿ ಬರೆದುಕೊಂಡರು.

ದಾಳಿಂಬೆಯ ಮಾತು ಬಂತು. ಕಲಾದಗಿಯ ಸುತ್ತಮುತ್ತಲಿನ ಹಣ್ಣಿನ ತೋಟಗಳು ಹೆಸರಾದವು. ದಾಳಿಂಬೆ ಬೆಳೆಯುವವರು ಬಹಾರ್ ಎಂಬ ಮಾತ ಬಳಸುತ್ತಾರೆ: ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್. ಪಾರಸಿಯಲ್ಲಿ ಬಹಾರ್ ಎಂದರೆ ವಸಂತ. ಮೂರರಲ್ಲಿ ತನಗೆ ಬೇಕಾದ ವಸಂತವನ್ನು ರೈತ ಆರಿಸಿಕೊಳ್ಳುತ್ತಾನೆ. ಹೇಗೆ? ಗಿಡಕ್ಕೆ ನೀರು ನಿಲ್ಲಿಸುತ್ತಾನೆ. ಎಲೆ ಉದುರಿ ಗಿಡ ಬೋಳಾಗುತ್ತದೆ. ಆಮೇಲೆ ಸವರಿ, ಗೊಬ್ಬರ ಹಾಕಿ ನೀರು ಬಿಟ್ಟರೆ ಚಿಗುರೂ ಹೂವೂ ಒಮ್ಮೆಲೇ ಹೊರಡುತ್ತವೆ. ನೀರಿನ ಕೊರತೆಯನ್ನೇ ಉಪಾಯವಾಗಿ ಬಳಸುವ ಈ ಜಾಣತನ ಒಣನಾಡಿನವರಿಗೆ ಒಗ್ಗಿದ್ದು. ಆದರೆ 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗ ಬಿದ್ದು ಜಿಲ್ಲೆಯ ದಾಳಿಂಬೆ ತೋಟಗಳು ಹಾಳಾದವು. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ರೈತರು ಕೈಯಾರೆ ಕಿತ್ತು ಸುಟ್ಟರು. ಒಂದೇ ಗಿಡವನ್ನು ಎಕರೆಗಟ್ಟಲೆ ಹಚ್ಚಿದಾಗ ಒಂದೇ ರೋಗ ಎಲ್ಲವನ್ನೂ ಮುಗಿಸುತ್ತದೆ. ಅಜ್ಜಿಯ ಹಿತ್ತಲಿನಲ್ಲಿ ದಾಳಿಂಬೆ ಸತ್ತರೆ ಪಕ್ಕದಲ್ಲಿ ನುಗ್ಗಿ ಇರುತ್ತಿತ್ತು. 2008ರ ನವೆಂಬರಿನಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನವನಗರದ ಆಚೆ, ಉದ್ಯಾನಗಿರಿ ಎಂದು ಕರೆಯುವ ಅದರ ಆವರಣವನ್ನು ಅವಕಾಶವಾದರೆ ನೋಡಿ ಬನ್ನಿ.

ನವನಗರ ಎಂದೆ. ಹಳೆಯ ಬಾಗಲಕೋಟೆಯ ಕಥೆ ನಿಮ್ಮ ಮನೆಯ ಹಿರಿಯರಿಗೆ ಕಥೆಯಲ್ಲ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ಹಿನ್ನೀರು ಹಂತಹಂತವಾಗಿ ಏರಿ ಘಟಪ್ರಭೆಯ ದಂಡೆಯ ಊರಿನ ಕೆಳಭಾಗಗಳನ್ನು ನುಂಗಿತು. ಓಣಿ ಓಣಿಗಳೇ ಎದ್ದು ನವನಗರದ ಸೆಕ್ಟರುಗಳಿಗೆ ಹೋದವು. ಸುತ್ತಲಿನ ಎಷ್ಟೋ ಹಳ್ಳಿಗಳದ್ದೂ ಇದೇ ಗತಿ. ಆ ನೀರಿನಿಂದ ದೂರದ ಒಣಹೊಲಗಳು ಹಸಿರಾದವು ಎಂಬುದೂ ಸತ್ಯ. ಅದನ್ನು ಮರೆತು ಅಳುವುದು ನ್ಯಾಯವಲ್ಲ. ಪರಿಹಾರದ ಲೆಕ್ಕದಲ್ಲಿ ಗೋಡೆಗೆ, ತೊಲೆಗೆ, ಫಲ ಕೊಡುವ ಮರಕ್ಕೆ ಬೆಲೆ ಕಟ್ಟಬಹುದು. ಮೂರು ಮೊಳದ ಮೆಂತ್ಯದ ಮಡಿಗೆ, ಅಮ್ಮ ತವರಿನಿಂದ ತಂದು ಹಚ್ಚಿದ ಮಲ್ಲಿಗೆಯ ಬಳ್ಳಿಗೆ ಯಾವ ದರ? ಇಂದು ಆಲಮಟ್ಟಿಯಲ್ಲಿ ಅಣೆಕಟ್ಟೆಯ ಬದಿಗೆ ರಾಕ್ ಗಾರ್ಡನ್ ಇದೆ, ಸಂಗೀತ ಕಾರಂಜಿ ಇದೆ, ಪ್ರವಾಸಿಗಳು ಸಾಲುಗಟ್ಟಿ ಬರುತ್ತಾರೆ. ಹಿತ್ತಲುಗಳನ್ನು ಮುಳುಗಿಸಿದ ನೀರಿನ ದಂಡೆಯಲ್ಲಿ ಟಿಕೇಟಿನ ತೋಟ! ಇತಿಹಾಸಕ್ಕೆ ಕೆಲವೊಮ್ಮೆ ಇಂಥ ಚೇಷ್ಟೆ ಮಾಡುವ ಸ್ವಭಾವವಿದೆ.

ಹೊಸ ಊರಿನಲ್ಲಿ ರಸ್ತೆ ಅಗಲ, ಮನೆಯೊಳಗೆ ಗಾಳಿಬೆಳಕು, ನೆಲದೊಳಗೆ ಚರಂಡಿ. ಆರೋಗ್ಯಕ್ಕೆ ಒಳಚರಂಡಿ ಬೇಕೇ ಬೇಕು, ವಾದವಿಲ್ಲ. ಆದರೆ ಅದರ ಜೊತೆಗೆ ಬಚ್ಚಲ ನೀರು ಮನೆಯವರ ಕೈತಪ್ಪಿ ಕೊಳವೆ ಸೇರಿತು. ಹಿತ್ತಲಿದ್ದ ಮನೆಯಲ್ಲೂ ನಲ್ಲಿಯ ನೀರನ್ನೇ ಗಿಡಕ್ಕೆ ಹಾಕಬೇಕಾಯಿತು, ಬೇಸಿಗೆಯಲ್ಲಿ ಅದಕ್ಕೂ ಮಿತಿ. ಬಾಳೆ ಹೋಯಿತು, ತೊಂಡೆ ಹೋಯಿತು. ಕೆಲವರು ಮಾತ್ರ ಬಟ್ಟೆ ಒಗೆದ ನೀರನ್ನು ಬಕೆಟಿನಲ್ಲಿ ಹಿಡಿದು ಕರಿಬೇವಿನ ಬುಡಕ್ಕೆ ಸುರಿಯುವುದನ್ನು ಬಿಟ್ಟಿಲ್ಲ. ಅಂಥ ಮನೆಯ ಕರಿಬೇವಿನಲ್ಲಿ ಇಂದಿಗೂ ಸಿಂಪಿಗ ಗೂಡು ಕಟ್ಟುತ್ತದೆ.

ಈ ರಜೆಯಲ್ಲಿ ನಿಮಗೊಂದು ಕೆಲಸ. ಮನೆಯ ಹಿರಿಯ ಹೆಣ್ಣುಮಗಳ ಪಕ್ಕ ನೋಟ್‌ಬುಕ್ಕು ಹಿಡಿದು ಕೂತು, ಅವರು ಹುಟ್ಟಿದ ಮನೆಯ ಹಿತ್ತಲಿನ ನಕ್ಷೆ ಬರೆಯಿರಿ. ಯಾವ ಗಿಡ ಎಲ್ಲಿತ್ತು, ಬೀಜ ಯಾರಿಂದ ಬಂತು, ಮೊದಲ ಕಾಯಿ ಯಾರ ಮನೆಗೆ ಹೋಗುತ್ತಿತ್ತು, ಹೂಗಾರರಿಗೆ ಎಷ್ಟು ಸೇರು ಜೋಳ ಕೊಡುತ್ತಿದ್ದರು, ಪಲ್ಯದ ಹಬ್ಬಕ್ಕೆ ಎಷ್ಟು ಸೊಪ್ಪುಗಳ ಹೆಸರನ್ನು ಅವರು ಈಗಲೂ ಹೇಳಬಲ್ಲರು ಎಂದು ಕೇಳಿ ಬರೆದುಕೊಳ್ಳಿ. ಬಚ್ಚಲು ಯಾವ ದಿಕ್ಕಿಗಿತ್ತು, ಆ ನೀರು ಮೊದಲು ಯಾವ ಗಿಡಕ್ಕೆ ಹೋಗುತ್ತಿತ್ತು ಎಂಬುದನ್ನು ಕೇಳಲು ಮರೆಯಬೇಡಿ.